ಸೊರೆ

ಮೆಗ್ಗಾನಿನ ಹೆರಿಗೆ ವಾರ್ಡಿನಲ್ಲಿ ಮೂರನೇ ರಾತ್ರಿ.
ಮಗು ತುದಿಯನ್ನಷ್ಟೇ ಕಚ್ಚುತ್ತದೆ, ಜಾರುತ್ತದೆ,
ನಾನೇ ಕಿತ್ತುಕೊಂಡೆನೆಂಬಂತೆ ಕೆಂಪಾಗಿ ಕಿರುಚುತ್ತದೆ.

ಹನ್ನೊಂದು ವರ್ಷದಿಂದ ರಿಪ್ಪನ್‌ಪೇಟೆಯ ಡೇರಿಗೆ
ಹಾಲು ಹಾಕುವವಳು ನಾನು.
ಒದೆಯುವ ಗೌರಿಯೂ ನನ್ನ ಬೆರಳಿಗೆ ಸೊರೆ ಬಿಡುತ್ತಾಳೆ.
ಅವಳ ಕರು, ಬಿದ್ದ ಅರ್ಧ ಗಂಟೆಗೆ
ನಡುಗುವ ಕಾಲಲ್ಲೇ ಎದ್ದು
ಮುಂಗಾಲ ಸಂದಿಗೆ ಮೂತಿ ತೂರಿಸಿ, ತಪ್ಪಿ,
ಕೊನೆಗೆ ತಾನೇ ಕೆಚ್ಚಲು ಹುಡುಕಿತ್ತು.
ನಾನೇನು ಕಲಿಸಿದ್ದೆ ಅದಕ್ಕೆ?

ಅತ್ತೆ ಸಬ್ಬಸಿಗೆ ಸಾರು ತಂದರು, ಬೆಳ್ಳುಳ್ಳಿ ಸುಟ್ಟು ತಂದರು,
'ಹಾಲೇ ಇಲ್ವೇನೋ' ಎಂದು
ನನಗೆ ಕೇಳುವಷ್ಟು ಮೆಲ್ಲಗೆ ಅಂದರು.
ಇದೆ. ರವಿಕೆ ಒದ್ದೆ. ಎದೆ ಕಲ್ಲು.
ಒಡೆದ ತೊಟ್ಟಿಗೆ ಬಟ್ಟೆ ಸೋಕಿದರೂ ಕಣ್ಣಲ್ಲಿ ನೀರು.

ರಾತ್ರಿಪಾಳಿಯ ಫಿಲೋಮಿನಾ ಸಿಸ್ಟರ್ ಸ್ಟೀಲ್ ಲೋಟ ಕೊಟ್ಟು
'ಕೈಯಲ್ಲೇ ಹಿಂಡಮ್ಮ, ಒಳಲೆಯಲ್ಲಿ ಕುಡಿಸೋಣ' ಎಂದಾಗ
ನಗು ಬಂತು, ಹೊಲಿಗೆ ಎಳೆಯಿತು.
ಗೌರಿ ನೋಡಿದ್ದರೆ ಏನನ್ನುತ್ತಿದ್ದಳು!
ಎರಡು ಒಳಲೆ. ಹಳದಿ.
ಡೇರಿಯವರು ಅಳೆಯಲೂ ಒಪ್ಪದಷ್ಟು.

ನಾಲ್ಕಕ್ಕೆ ಮತ್ತೆ ಬಂದರು.
'ಮೊಲೆಯನ್ನ ಕೂಸಿನ ಹತ್ರ ಒಯ್ಬೇಡ, ಕೂಸನ್ನ ತಾ.
ಆಕಳಿಸೋ ಹಾಗೆ ಬಾಯಿ ಬಿಡೋ ತನಕ ಕಾದಿರು.'

ಕಾದೆ.
ಹೊರಗೆ ಸಾಗರದ ಮೊದಲ ಬಸ್ಸು ಹಾರನ್ ಹೊಡೆಯಿತು.
ಗದ್ದ ಎದೆಗೊತ್ತಿತು, ದವಡೆ ಅಲುಗಿತು,
ಗುಟುಕ್.
ಏಳು ಎಣಿಸಿದೆ. ಎಂಟನೆಯದಕ್ಕೆ ನಿದ್ದೆ.

ಬೆಳಿಗ್ಗೆ ಮತ್ತೆ ಜಾರಿತು.
ಆದರೂ ಅತ್ತೆ ಬಂದೊಡನೆ ಹೇಳಿದೆ:
ಏಳು.