ಕಿತ್ತಳೆ ಪುಸ್ತಕ, ನೂರಾ ಮೂವತ್ತೆರಡು

ಜುಲೈ. ತೆಮುಕೋ ದಾಟಿ ದಕ್ಷಿಣಕ್ಕೆ ಹೋಗುವ ಹೆದ್ದಾರಿ.
ರಾತ್ರಿ ಎರಡೂಕಾಲಿಗೆ ರೇಡಿಯೋ ಕೆಮ್ಮಿತು:
ಸೇತುವೆಯಾಚೆ ತಿರುವಿನಲ್ಲಿ ಟ್ಯಾಂಕರು ಮಗ್ಗುಲಾಗಿದೆ,
ವಿನೆಗರ್ ವಾಸನೆ, ಕಣ್ಣು ಉರೀತಿದೆ,
ಹಲಗೆ ಮೇಲೆ ಎರಡು ಏಳು ಎಂಟು ಒಂಬತ್ತು.

ನಾನು ಇಸ್ಮೇನಿಯಾ ಕಾತ್ರಿಲೆಯೊ.
ಹಗಲು ಹೊಲಿಗೆ ಅಂಗಡಿ, ವಾರಕ್ಕೆರಡು ಇರುಳು
ಅಗ್ನಿಶಾಮಕ ಠಾಣೆಯ ಮೇಜು.
ನಮ್ಮಲ್ಲಿ ಯಾರಿಗೂ ಸಂಬಳವಿಲ್ಲ.
ಕ್ಯಾಪ್ಟನ್ ಅಬೆಲಾರ್ದೊ ಬೀಗ ರಿಪೇರಿಯವನು,
ಪಂಪು ಹಿಡಿಯುವ ಹುಡುಗ ಬೇಕರಿಯವನು,
ಗಂಟೆ ಹೊಡೆದಾಗ ಅವನ ಕೈಯಲ್ಲಿನ್ನೂ ಹಿಟ್ಟಿತ್ತು.

ಮೊಳೆಗೆ ದಾರ ಕಟ್ಟಿ ನೇತುಹಾಕಿದ ಕಿತ್ತಳೆ ಪುಸ್ತಕ ಬಿಚ್ಚಿ
ನಂಬರು ಹುಡುಕಿದೆ, ನಂಬರು ಹಾಳೆಗೆ ಕಳಿಸಿತು:
ನೂರಾ ಮೂವತ್ತೆರಡು. ಉರಿಯುತ್ತದೆ, ಮತ್ತೆ ಕೊರೆಯುತ್ತದೆ.
ಒಂದೇ ದ್ರವಕ್ಕೆ ಎರಡು ಬಾಯಿ.

ಓದಿದೆ, ಉಸಿರು ಅವಸರಿಸದಂತೆ:
ಗಾಳಿಗೆ ಬೆನ್ನು ಕೊಡಿ. ತಗ್ಗಿಗೆ ಇಳಿಯಬೇಡಿ.
ಐವತ್ತು ಮೀಟರು ಯಾರೂ ಬೇಡ, ಬೆಂಕಿ ಬಿದ್ದರೆ ಎಂಟುನೂರು.
ಚೆಲ್ಲಿದ್ದನ್ನು ಮುಟ್ಟಬೇಡಿ, ದಾಟಬೇಡಿ.
ಆವಿ ಕುರುಡನ ಹಾಗೆ ನೆಲ ತಡವುತ್ತ ಹೋಗುತ್ತದೆ
ಕಿಡಿ ಸಿಗುವವರೆಗೆ;
ಸಿಕ್ಕರೆ ಬಂದ ದಾರಿಯಲ್ಲೇ ಓಡಿ ವಾಪಸು.

ಅಬೆಲಾರ್ದೊ ಅಂದ:
'ಇಸ್ಮೇನಿಯಾ, ಇದು ಹರೀತಾ ಇಲ್ಲ. ಹೆಪ್ಪುಗಟ್ಟುತ್ತಾ ಇದೆ.
ರಸ್ತೆ ತುಂಬ ಗಾಜು ಹಾಸಿದ ಹಾಗೆ.
ಪುಸ್ತಕದಲ್ಲಿ ಇದಕ್ಕೇನು ಹೇಳಿದ್ದಾರೆ?'
ಹಾಳೆ ತಿರುವಿದೆ. ಮತ್ತೆ ತಿರುವಿದೆ.
ಏನೂ ಹೇಳಿರಲಿಲ್ಲ.
'ಒಣ ಮರಳು ಹಾಕು' ಅಂದೆ, 'ಹೊಳೆಗೆ ಅಡ್ಡ ಕಟ್ಟು,
ಬೆಳಗಾಗಿ ಬಿಸಿಲು ಬಿದ್ದರೆ ಅದಕ್ಕೆ ಮತ್ತೆ ಕಾಲು ಬರುತ್ತೆ.'

ಡ್ರೈವರು ವೆನ್ಸೆಸ್ಲಾವೊ ಬಾಗಿಲು ತಳ್ಳಿ ಹೊರಬರುವಾಗ
ಅಂಗೈ ಊರಿದ್ದ, ಎರಡೂ.
ಇಪ್ಪತ್ತು ನಿಮಿಷ ನೀರು, ಪುಸ್ತಕದ ಲೆಕ್ಕ.
ಆರನೆಯ ನಿಮಿಷಕ್ಕೇ ಅವನು: 'ಸಾಕು, ಕೈ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ.'
ನಾನು ಠಾಣೆಯ ಗಡಿಯಾರ ನೋಡುತ್ತ ರೇಡಿಯೋದಲ್ಲೇ
ಏಳು ಅಂದೆ, ಎಂಟು ಅಂದೆ.
ನಡುವೆ ಮಾತಾಡಲು ಏನಿದೆ?
ಅವನ ಹಂದಿಯ ಸುದ್ದಿ ಕೇಳಿದೆ.
ಹನ್ನೊಂದು ಮರಿ ಹಾಕಿದೆಯಂತೆ. ಒಂದಕ್ಕೆ ಕುಂಟು.
ಹತ್ತೊಂಬತ್ತಕ್ಕೆ ಅವನು ಅಳುತ್ತಿದ್ದ, ನೋವು ತಿರುಗಿ ಬಂದಿತ್ತು.
ಒಳ್ಳೆಯದು, ಅಂದುಕೊಂಡೆ.

ಗಾಳಿ ಹೋಗುವ ಕಡೆ ತಗ್ಗಿನಲ್ಲಿ ಹದಿನಾಲ್ಕು ಮನೆ.
ಹದಿನಾಲ್ಕು ಮನೆಯಲ್ಲೂ ಸೌದೆ ಒಲೆ, ಕೆಂಪಗೆ.
ಒಬ್ಬೊಬ್ಬರಿಗೂ ಫೋನು ಮಾಡಿದೆ:
ಒಲೆ ಆರಿಸಿ. ಕಂಬಳಿ ತಗೊಂಡು ಮೇಲ್ದಾರಿಯಲ್ಲಿ ಠಾಣೆಗೆ ಬನ್ನಿ.
ಸೊನ್ನೆಗಿಂತ ಮೂರು ಕೆಳಗಿನ ರಾತ್ರಿ
ಒಲೆ ಆರಿಸಿ ಅನ್ನುವ ಬಾಯಿ ನನ್ನದು.

ದೋನ್ಯಾ ಎರ್ಸಿರಾ ಮಾತ್ರ ಫೋನಿಟ್ಟಳು.
ಬೇಕರಿ ಹುಡುಗ ಸುತ್ತಿ ಬಳಸಿ ಹೋಗಿ ಬಾಗಿಲು ಬಡಿದ.
ಮೂವತ್ತೊಂದು ಚಳಿಗಾಲ ಆರದ ಒಲೆ ಅದು,
ರಾತ್ರಿ ಬೂದಿ ಮುಚ್ಚಿ, ಬೆಳಿಗ್ಗೆ ಕೆಂಡ ಕೆದಕಿ,
ಗಂಡ ಸತ್ತ ದಿನವೂ.
ಅವಳೇ ಮಾತೆ ಕಾಯಿಸುವ ಕೆಟಲನ್ನೆತ್ತಿ ಸುರಿದಳಂತೆ.
ಆ ಸದ್ದು ಹುಡುಗ ಈಗಲೂ ಹೇಳುತ್ತಾನೆ.

ಏನೂ ಹೊತ್ತಲಿಲ್ಲ.
ಪತ್ರಿಕೆಯಲ್ಲಿ ಒಂದು ಸಾಲಿಲ್ಲ.
ಬೆಳಿಗ್ಗೆ ಕಂಪನಿಯವರು ಬಂದು ಗಾಜನ್ನು ಸಲಿಕೆಯಲ್ಲಿ ಬಾಚಿ
ಪೀಪಾಯಿಗೆ ತುಂಬಿಕೊಂಡು ಹೋದರು.
ಹೈಸ್ಕೂಲಿನ ಕೆಮಿಸ್ಟ್ರಿ ಮೇಷ್ಟ್ರು ನಾನು ಹೊಲಿದ ಪ್ಯಾಂಟು ಒಯ್ಯಲು ಬಂದಾಗ
ಕಣ್ಣು ಕಿರಿದು ಮಾಡಿ ಅಂದರು:
ಆ ಚಳಿಗೆ ಅದು ಹೊತ್ತುವುದು ಕಷ್ಟವೇ ಇತ್ತು.
ಇರಬಹುದು.
ರಾತ್ರಿ ಎರಡೂಕಾಲಿಗೆ ನನ್ನ ಹತ್ತಿರ ಮೇಷ್ಟ್ರಿರಲಿಲ್ಲ,
ಹಾಳೆಯಿತ್ತು.

ಭಾನುವಾರ ಒಂದು ಹೊರೆ ಸೌದೆ ಹೊತ್ತು
ಎರ್ಸಿರಾಳ ಅಂಗಳಕ್ಕೆ ಹೋದೆ.
ಇಳಿಸಿಕೊಂಡಳು. ಒಂದು ಸೀಳು ಎತ್ತಿ ಮೂಸಿದಳು,
ಉಗುರಲ್ಲಿ ಕೆರೆದಳು.
'ಇನ್ನೂ ಹಸಿ' ಅಂದಳು.