ಮಂಚದ ಕೆಳಗಿನ ಹಲಗೆ

ನಮ್ಮ ಮನೆಯಲ್ಲಿ ಮಂಚದ ಕೆಳಗೆ
ಯಾರೂ ಏನೂ ತಳ್ಳುವಂತಿರಲಿಲ್ಲ.
ಅಲ್ಲಿ ಅಬ್ಬಾನ ಬೀಟೆ ಹಲಗೆ ಮಲಗಿತ್ತು,
ಹಳೆ ಜಮಖಾನೆ ಸುತ್ತಿಕೊಂಡು,
ನನಗಿಂತ ನಾಲ್ಕು ವರ್ಷ ದೊಡ್ಡದು.

ಕೊಟ್ಟದ್ದು ಅವನ ಉಸ್ತಾದ್, ಸಾಯುವ ಮುಂಚೆ.
ಕೂಲಿ ಬಾಕಿಯ ಬದಲಿಗೆ ಅಂತ ಅಮ್ಮಿ,
ಆಶೀರ್ವಾದ ಅಂತ ಅಬ್ಬಾ.
“ಒಳ್ಳೆಯದಕ್ಕೆ ಇಟ್ಟುಕೊ” ಅಂದಿದ್ದನಂತೆ.
ಯಾವುದು ಒಳ್ಳೆಯದು ಅಂತ
ಹೇಳುವಷ್ಟು ಉಸಿರು ಉಳಿದಿರಲಿಲ್ಲ.

ಲಷ್ಕರ್ ಮೊಹಲ್ಲಾದ ಆ ಒಂದೂವರೆ ಕೋಣೆಯಲ್ಲಿ
ನಾವು ಐದು ಜನ ಮತ್ತು ಅದು.
ಗುಡಿಸುವಾಗ ಪೊರಕೆ ತಾಗಿದರೆ
ಅಬ್ಬಾ ಕಣ್ಣು ಮುಚ್ಚಿಕೊಂಡೇ
“ಮೆಲ್ಲಗೆ” ಅನ್ನುತ್ತಿದ್ದ.
ನಾನು ಮಂಚದಿಂದ ಬಿದ್ದ ರಾತ್ರಿ
ಅವನು ಮೊದಲು ಬಗ್ಗಿ ನೋಡಿದ್ದು ಯಾರನ್ನು ಅಂತ
ಅಮ್ಮಿ ಈಗಲೂ ಕೇಳುತ್ತಾಳೆ.

ತಿಂಗಳಿಗೊಮ್ಮೆ, ಭಾನುವಾರ, ಊಟವಾದ ಮೇಲೆ
ಜಮಖಾನೆ ಬಿಚ್ಚುತ್ತಿದ್ದ.
ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ
ಎದ್ದು ಬರುತ್ತಿತ್ತು ಒಳಗಿನ ಗೆರೆ:
ಕಪ್ಪಿಗೆ ಹತ್ತಿರದ ನೇರಳೆ, ನಡುವೆ ಒಂದು ಕಂದು ಹೊಳೆ,
ಹೊಳೆ ತಿರುಗುವಲ್ಲಿ ಒಂದು ಗಂಟು.
“ಇದು ಶ್ರೀರಂಗಪಟ್ಟಣ” ಅನ್ನುತ್ತಿದ್ದ ಬೆರಳಿಟ್ಟು,
“ಇಲ್ಲಿ ಹೊಳೆ ಎರಡಾಗುತ್ತೆ, ನೋಡು.”
ನೋಡುತ್ತಿದ್ದೆ. ತೇವ ಆರುತ್ತಿತ್ತು,
ಹೊಳೆ ಮರದೊಳಗೆ ವಾಪಸು ಹೋಗುತ್ತಿತ್ತು.

ಹೊಟ್ಟೆಪಾಡಿಗೆ ಬೇರೆ ಮರ.
ಸೇಠು ಕೊಟ್ಟ ಹಲಗೆಗಳ ಮೇಲೆ ಆನೆ,
ಆನೆಯ ಹಿಂದೆ ಆನೆ, ಸಂಜೆಯೊಳಗೆ ಹನ್ನೆರಡು ಆನೆ.
ಹಳದಿಗೆ ಹಲಸು, ಕೆಂಪಿಗೆ ಹೊನ್ನೆ,
ದಂತಕ್ಕೆ ಪ್ಲಾಸ್ಟಿಕ್ಕು.
ಉಜ್ಜುಕಾಗದದ ಪುಡಿ ರೆಪ್ಪೆಯ ಮೇಲೆ ಕೂತು
ಮೂವತ್ತೈದಕ್ಕೇ ಮುದುಕನಾಗಿ ಕಾಣುತ್ತಿದ್ದ;
ಮುಖ ತೊಳೆದರೆ ಮತ್ತೆ ಹುಡುಗ.

ದಸರಾ ಪ್ರದರ್ಶನಕ್ಕೆ ಕೇಳಿದರು. ಕೊಡಲಿಲ್ಲ.
ದೊಡ್ಡಕ್ಕನ ಮದುವೆಗೆ ದುಡ್ಡು ಸಾಲದಾದಾಗ
ಸೇಠೇ ಬಂದು ಮಂಚದ ಕಡೆ ನೋಡಿದ;
ಅಬ್ಬಾ ಸೈಕಲ್ ಮಾರಿದ.
“ಇನ್ನೂ ಕೈ ಕೂಡಿಲ್ಲ” ಅಂದ ಮೊದಲ ಹತ್ತು ವರ್ಷ.
ಆಮೇಲೆ, “ಚಿತ್ರ ಹೊಳೆದಿಲ್ಲ.”
ಆಮೇಲೆ ಕನ್ನಡಕ ಬಂತು. ಆಮೇಲೆ ಏನೂ ಅನ್ನಲಿಲ್ಲ.
ಗರಗಸ ಕೂದಲೆಳೆ ಆಚೀಚೆಯಾದರೂ ಹೊಳೆ ಹೋಯಿತು.
ಹೋಗದಂತೆ ಕಾಯಲು
ಅವನಿಗೆ ಗೊತ್ತಿದ್ದ ಉಪಾಯ ಒಂದೇ.

ಕೆಡಿಸಿದ್ದು ಅಮ್ಮಿ.
ಬಕ್ರೀದಿನ ಹಿಂದಿನ ರಾತ್ರಿ, ಕರೆಂಟಿಲ್ಲ,
ಮನೆ ತುಂಬ ಬೀಗರು,
ಪಕ್ಕದ ಮನೆಗೆ ಹೋದ ಹೆಚ್ಚುವ ಮಣೆ ವಾಪಸು ಬಂದಿಲ್ಲ.
ಮೇಣದಬತ್ತಿ ಹಿಡಿದು ಬಗ್ಗಿ ಎಳೆದಳು.
ಮೂರು ಕೇಜಿ ಈರುಳ್ಳಿ.
ಈರುಳ್ಳಿಗೆ ಅಳುತ್ತಿದ್ದವರ ನಡುವೆ
ನಾನು ಅತ್ತದ್ದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ನಮಾಜು ಮುಗಿಸಿ ಬಂದವನು ನೋಡಿದ.
ಶ್ರೀರಂಗಪಟ್ಟಣದ ಮೇಲೆ ಅಡ್ಡಡ್ಡ ನೂರು ಗೀರು,
ಹೊಳೆ ತುಂಬ ಸಿಪ್ಪೆ.
ಅಮ್ಮಿ ಚಾಕು ಕೆಳಗಿಡಲಿಲ್ಲ.
“ಇಪ್ಪತ್ತೊಂಬತ್ತು ವರ್ಷ ನನ್ನ ಹೆಬ್ಬೆರಳು
ಎಡವಿದೆ ಇದಕ್ಕೆ,” ಅಂದಳು, “ಎಣಿಸು.”
ಅವನು ಕೂತ. ಗೀರಿನಲ್ಲಿ ಉಗುರಾಡಿಸಿದ.
ನಾವೆಲ್ಲ ಗುಡುಗಿಗೆ ಕಾಯುತ್ತಿದ್ದೆವು;
ಬಂದದ್ದು ಒಂದು ಉಸಿರು,
ಹಳೆ ಬಾಡಿಗೆ ಬಾಕಿ ತೀರಿಸಿ ಬಂದವನು ಬಿಡುವಂಥದ್ದು.

ಹಬ್ಬ ಮುಗಿದ ಮೂರನೇ ದಿನ ಗರಗಸ ತೆಗೆದ.
ಚಿತ್ರವೇನೂ ಬರಲಿಲ್ಲ.
ಅಮ್ಮಿಗೊಂದು ಮಣೆ, ಹಿಡಿಯಿರುವುದು.
ಹೂಜಿಗೆ ಮುಚ್ಚಳ.
ಪಕ್ಕದ ಮನೆಗೂ ಒಂದು ಮಣೆ, ಪಾಪ,
ಅವರು ನಮ್ಮದನ್ನು ಕಳೆದುಹಾಕಿದ್ದರಲ್ಲ.
ಗಂಟಿದ್ದ ತುಂಡಿನಲ್ಲಿ ಮಾತ್ರ
ಹಲಸಿನ ಸಣ್ಣ ಚೂರೊಂದು ಕೂರಿಸಿದ.
ದೋಣಿಯಾ, ದೀಪವಾ ಅಂತ ಕೇಳಿದರೆ
“ಈರುಳ್ಳಿ” ಅಂದ.

ಆ ತುಂಡು ನನ್ನ ಹತ್ತಿರ ಇದೆ.
ಬಿಸಿ ಪಾತ್ರೆ ಇಡಲೆಂದೇ ಕೊಟ್ಟದ್ದು.
ಬೀರುವಿನಲ್ಲಿ, ಮದುವೆ ಸೀರೆಯ ಕೆಳಗೆ,
ಜಮಖಾನೆಯಲ್ಲ, ಟವಲ್ಲು ಸುತ್ತಿ.
ಸಾರಿನ ಪಾತ್ರೆ ಇವತ್ತೂ
ಪೇಪರಿನ ಮೇಲೆ ಇಳಿಸಿದೆ.