ಸೊನ್ನೆಯಿಂದ ಆರರವರೆಗೆ

ನವೆಂಬರಿನ ಟಾರ್ಟುವಿಗೆ ನಾನು ಬಂದಿಳಿದದ್ದು
ಎಂಬತ್ತೆಂಟು ಲಕೋಟೆ ಹೊತ್ತು.
ಪ್ರತಿ ಲಕೋಟೆಯಲ್ಲೂ ಹದಿನೇಳು ಪ್ರಶ್ನೆ,
ಪ್ರತಿ ಪ್ರಶ್ನೆಗೂ ಏಳು ಚೌಕ.
ಎಂದೂ ಇಲ್ಲ ಎಂದರೆ ಸೊನ್ನೆ,
ದಿನವೂ ಎಂದರೆ ಆರು.
ಮಕ್ಕಳ ರಕ್ಷಣೆಯ ಕಚೇರಿಯವರು
ಎಷ್ಟು ಬೆಂದಿದ್ದಾರೆ, ಇನ್ನೆಷ್ಟು ಬೇಯಿಸಬಹುದು,
ಅಳೆದುಕೊಂಡು ಬಾ ಎಂದಿತ್ತು ಇಲಾಖೆ.

ಅಳೆಯುವ ಮೊದಲು ಹೆಸರಿಡಬೇಕಲ್ಲ.
ದಣಿವು ಎಂದರೆ, ಮಲಗಿದರೆ ಹೋಗುತ್ತದೆ.
ಬೇಸರ ಎಂದರೆ, ಭಾನುವಾರಕ್ಕೆ ಹೋಗುತ್ತದೆ.
ಖಿನ್ನತೆ ಎಂದರೆ, ಅದು ನಮ್ಮದು ಎಂದು
ಮನೋವೈದ್ಯರು ಸೆರಗು ಹಿಡಿದೆಳೆಯುತ್ತಾರೆ.
ಕೆಲಸಕ್ಕಷ್ಟೇ ಅಂಟಿದ್ದು, ಮನೆಗೆ ಬಾರದ್ದು
ಎಂದು ಬೇಲಿ ಹಾಕಿದರೆ
ರಾತ್ರಿ ಬೇಲಿ ಹಾರಿ ಬಂದು
ಸೂಪಿನ ಬಟ್ಟಲಿನ ಎದುರು ಕೂರುತ್ತದೆ.
ಮೂರು ಸಮಿತಿ, ಐದು ವ್ಯಾಖ್ಯೆ.
ಕೊನೆಗೆ ಐವತ್ತೊಂದಕ್ಕೆ ಗೆರೆ ಎಳೆದೆವು.
ಐವತ್ತು ಬಂದವರು ಗಟ್ಟಿಮುಟ್ಟು.
ಐವತ್ತೊಂದೇ ಯಾಕೆ, ಎಂದಳು ಹೆಲ್ವೆ.
ಹದಿನೇಳಾರಲೆ ನೂರೆರಡು, ಅದರಲ್ಲಿ ಅರ್ಧ.
ಬೇರೆ ಕಾರಣವಿಲ್ಲದೆ ಕೆಮ್ಮಿದೆ.

ಅವರ ಮಾತಿನಲ್ಲಿ ಇದಕ್ಕೂ
ಬಲ್ಬು ಸುಟ್ಟುಹೋಗುವುದಕ್ಕೂ ಒಂದೇ ಕ್ರಿಯಾಪದ.
ಬಲ್ಬು ವಾಸಿ, ಎಂದಳು ಅವಳು.
ಟಕ್ಕೆಂದು ಹೋಗುತ್ತದೆ, ಎಲ್ಲರಿಗೂ ಕತ್ತಲಾಗುತ್ತದೆ,
ಯಾರೋ ಒಬ್ಬರು ಕುರ್ಚಿ ಹತ್ತುತ್ತಾರೆ.

ಉತ್ತರ ಬಂದದ್ದು ಎಂಬತ್ತೊಂದು.
ಬಾರದ ಏಳರಲ್ಲಿ
ಮೂವರಿಗೆ ತುಂಬಲು ಪುರುಸೊತ್ತಿರಲಿಲ್ಲ,
ಇಬ್ಬರು ರಜೆಯಲ್ಲಿ; ಯಾವ ರಜೆ, ಯಾರೂ ಹೇಳಲಿಲ್ಲ.
ಒಬ್ಬಾತ ಸೆಪ್ಟೆಂಬರಿನಲ್ಲೇ ಬಿಟ್ಟುಹೋಗಿ
ಚೌಕದ ಮೂಲೆಯಲ್ಲಿ ಸಕ್ಕರೆ ಬಾದಾಮಿ ಹುರಿಯುತ್ತಾನಂತೆ,
ಅವನ ಹೆಸರಿನ ಲಕೋಟೆ ಇನ್ನೂ ಮೇಜಿನ ಮೇಲೆ.
ಏಳನೆಯದರ ಬಗ್ಗೆ ನಾನು ಕೇಳಲಿಲ್ಲ.
ಕೋಷ್ಟಕದ ಅಡಿಗೆ ಸಣ್ಣಕ್ಷರದಲ್ಲಿ ಬರೆದೆ:
ಗೈರು, ಏಳು.
ತೀರ ಸುಟ್ಟವರು ತಕ್ಕಡಿಗೆ ಸಿಗುವುದಿಲ್ಲ.
ತೂಗಲು ಹೋಗುವಷ್ಟರಲ್ಲಿ ಬೂದಿ
ಗಾಳಿಯ ಕಡೆಯವರದಾಗಿರುತ್ತದೆ.

ಇಡೀ ಕಚೇರಿಗೆ ಆರೋಗ್ಯವಂತೆ ಹೆಲ್ವೆಯೇ.
ಹದಿನೇಳೂ ಸೊನ್ನೆ.
ಬೆಳಿಗ್ಗೆ ಏಳುವಾಗಲೇ ಸೋತಂತೆ ಅನಿಸುತ್ತದೆಯೇ? ಸೊನ್ನೆ.
ಮನೆಗೆ ಹೋದ ಮೇಲೂ ಯಾರದೋ ಅಳು ಕಾಡುತ್ತದೆಯೇ? ಸೊನ್ನೆ.
ನಿಮ್ಮ ಗುಟ್ಟೇನು, ಬೇರೆಯವರಿಗೂ ಕಲಿಸಬಹುದು, ಎಂದೆ.
ನಾಳೆ ಜೊತೆಗೆ ಬನ್ನಿ, ಎಂದಳು.

ಆನ್ನೆಲಿನ್. ಒಂಬತ್ತು ಮಹಡಿ, ಕೆಟ್ಟು ನಿಂತ ಲಿಫ್ಟು.
ನಾಲ್ಕನೆಯ ಮಹಡಿಯ ಬಾಗಿಲ ಹಿಂದೆ ಟಿವಿ,
ಯಾರೋ ಗಂಡಸಿನ ಕೆಮ್ಮು,
ಬರಿಗಾಲಿನ ಪುಟ್ಟ ಓಡಾಟ.
ಹೆಲ್ವೆ ಕೈಗವಸು ಕಳಚಿ ಬೆರಳು ಚಾಚಿದಳು.
ಗಂಟೆಯ ಗುಂಡಿಗೂ ಬೆರಳಿಗೂ ನಡುವೆ ಒಂದು ಗೇಣು.
ಬೆರಳು ಅಲ್ಲೇ ನಿಂತಿತು.
ಮೆಟ್ಟಿಲ ದೀಪ ತಾನಾಗಿ ಆರಿತು. ಹಾಕಿದೆ.
ಮತ್ತೆ ಆರಿತು. ಹಾಕಿದೆ.
ಮೂರನೆಯ ಸಲ ಹಾಕಲಿಲ್ಲ.
ಅಷ್ಟು ಹೊತ್ತೂ ಅವಳ ಮುಖ
ಬ್ಯಾಂಕಿನ ಸಾಲಿನಲ್ಲಿ ನಿಂತವರ ಮುಖ.

ದಿನವೂ ಹೀಗೆಯೇ, ಕೇಳಿದೆ. ಅಳೆಯುವವನ ಚಾಳಿ.
ಹೋದ ವರ್ಷ ನಾಲ್ಕು ಬೆರಳಿನಷ್ಟಿತ್ತು, ಎಂದಳು ಕತ್ತಲಲ್ಲಿ.
ಅನಿಸುತ್ತದೆಯೇ ಅಂತ ಕೇಳಿದ್ದಿರಿ.
ಏನೂ ಅನಿಸುವುದಿಲ್ಲ. ನಾನು ಸುಳ್ಳು ಬರೆದಿಲ್ಲ.

ಆಮೇಲೆ ಒತ್ತಿದಳು.
ಬಾಗಿಲು ತೆರೆದು ಅವಳನ್ನು ತೆಗೆದುಕೊಂಡಿತು.
ನನಗೆ ಒಳಗೆ ಅನುಮತಿಯಿರಲಿಲ್ಲ.
ಮೆಟ್ಟಿಲ ಮೇಲೆ ಕುಳಿತು ಅಂಗೈ ಬಿಡಿಸಿದೆ,
ಹೆಬ್ಬೆರಳಿನಿಂದ ಕಿರುಬೆರಳಿಗೆ.
ಒಬ್ಬೊಬ್ಬರ ಗೇಣು ಒಂದೊಂದು ಉದ್ದ.
ಇಲಾಖೆ ಇದನ್ನು ಒಪ್ಪುವುದಿಲ್ಲ.

ವರದಿ ಸೋಮವಾರಕ್ಕೆ.
ಹೆಲ್ವೆಯ ಸೊನ್ನೆಗಳನ್ನು ಅಳಿಸಲಾರದೆ
ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ: ಒಂದು ಗೇಣು.
ಈಗ ಶನಿವಾರ, ರಾತ್ರಿ ಎರಡೂವರೆ.
ಇನ್ನೂ ಹದಿನಾರು ಕಚೇರಿ ಬಾಕಿ.